ಮಳೆಗೆ ಹೆದರಬೇಡಿ, ಗಾಳಿಯನ್ನ ಕೇಳಿ!

'ಜುಲೈನಲ್ಲಿ ಅಂಡಮಾನ್‌ಗೆ ಹೋಗ್ತೀನಿ, ಸಮುದ್ರದೊಳಗೆ ಇಳಿದು ಸ್ಕೂಬಾ ಡೈವಿಂಗ್ ಮಾಡ್ತೀನಿ' ಅಂತ ಮನೆಯಲ್ಲಿ ಒಮ್ಮೆ ಹೇಳಿ ನೋಡಿ. ಅತ್ತೆ ಕಾಫಿ ಲೋಟ ಕೆಳಗಿಟ್ಟು ನಿಮ್ಮ ಮುಖ ನೋಡ್ತಾರೆ. ಗಂಡ 'ಬೇರೆ ತಿಂಗಳೇ ಸಿಗಲಿಲ್ವಾ?' ಅಂತಾರೆ. ಪಕ್ಕದ ಮನೆಯವರಂತೂ ಸುನಾಮಿಯಿಂದಲೇ ಕಥೆ ಶುರು ಮಾಡ್ತಾರೆ!

ಅವರ ತಪ್ಪೇನೂ ಇಲ್ಲ ಬಿಡಿ. ಮಳೆಗಾಲ ಬಂತೆಂದರೆ ಕಡಲ ಕಡೆ ಹೋಗಬಾರದು ಅಂತ ಕೇಳಿಕೊಂಡೇ ಬೆಳೆದವರು ನಾವು. ಮಲ್ಪೆ, ಕಾರವಾರದ ಕಡೆಯವರನ್ನ ಕೇಳಿದರೆ ಇನ್ನೂ ಖಂಡಿತವಾಗಿ ಹೇಳ್ತಾರೆ. ಜೂನ್, ಜುಲೈ ಎರಡು ತಿಂಗಳು ಯಾಂತ್ರೀಕೃತ ದೋಣಿಗಳೇ ದಡದಲ್ಲಿ ಕೂತಿರುವಾಗ ನಮಗೆ ನೀರಿನಲ್ಲೇನು ಕೆಲಸ?

ಆದರೂ ಆಸೆ ಹುಟ್ಟುತ್ತೆ. ಆಷಾಢದಲ್ಲಿ ಇಲ್ಲಿ ಕಲ್ಯಾಣ ಮಂಟಪಗಳು ಖಾಲಿ, ಅಲ್ಲಿ ರೆಸಾರ್ಟ್‌ಗಳು ಖಾಲಿ. ಚಳಿಗಾಲದಲ್ಲಿ ಕೈಗೆಟುಕದ ಕೋಣೆ ಈಗ ಕಡಿಮೆ ಬಾಡಿಗೆಗೆ ಸಿಗುತ್ತೆ, ವಿಮಾನದ ಟಿಕೆಟ್ಟೂ ಸ್ವಲ್ಪ ಇಳಿದಿರುತ್ತೆ. ಫೋನಿನಲ್ಲಿ ದಿನಾ ಅದರದ್ದೇ ಜಾಹೀರಾತು. ಹೋಗೋದಾ, ಬೇಡವಾ?

ಹೋಗಬಹುದು. ಆದರೆ ಡಿಸೆಂಬರಿನಲ್ಲಿ ಹೋದ ಹಾಗೆ ಹೋಗೋಕಾಗಲ್ಲ. ಮಳೆಗಾಲದ ದ್ವೀಪಕ್ಕೆ ಅದರದ್ದೇ ಲೆಕ್ಕಾಚಾರ ಇದೆ. ಅದು ಗೊತ್ತಿಲ್ಲದೆ ಹೊರಟವರು ಐದು ದಿನ ಹೋಟೆಲ್ ಕಿಟಕಿಯಿಂದ ಮಳೆ ನೋಡಿ ವಾಪಸ್ ಬರ್ತಾರೆ. ಇಲ್ಲವೇ, ಇಳಿಯಬಾರದ ದಿನ ನೀರಿಗೆ ಇಳೀತಾರೆ.

ಯಾವ ದ್ವೀಪದ ಮಾತು ಇದು?

ಅಂಡಮಾನ್‌ನಲ್ಲಿ ಡೈವಿಂಗ್ ಅಂದರೆ ಮೊದಲು ಬರೋ ಹೆಸರು ಹ್ಯಾವ್ಲಾಕ್. 2018ರ ಡಿಸೆಂಬರಿನಿಂದ ಅದರ ಅಧಿಕೃತ ಹೆಸರು ಸ್ವರಾಜ್ ದ್ವೀಪ. ಪಕ್ಕದ ನೀಲ್ ದ್ವೀಪ ಶಹೀದ್ ದ್ವೀಪವಾಯಿತು. 2024ರ ಸೆಪ್ಟೆಂಬರಿನಲ್ಲಿ ಪೋರ್ಟ್ ಬ್ಲೇರ್ ಕೂಡ ಶ್ರೀ ವಿಜಯಪುರಂ ಆಯಿತು. ಟಿಕೆಟ್ ಬುಕ್ ಮಾಡುವಾಗ ಎರಡೂ ಹೆಸರು ಕಾಣಿಸುತ್ತೆ, ಗಾಬರಿ ಬೀಳಬೇಡಿ. ಜನರ ಬಾಯಲ್ಲಿ ಹಳೆಯ ಹೆಸರುಗಳೇ ಇನ್ನೂ ಓಡಾಡ್ತಿವೆ, ಇಲ್ಲೂ ಹಾಗೇ ಬರೀತೀನಿ.

ಬೆಂಗಳೂರಿನಿಂದ ಪೋರ್ಟ್ ಬ್ಲೇರ್‌ಗೆ ವಿಮಾನ, ಅಲ್ಲಿಂದ ಹ್ಯಾವ್ಲಾಕ್‌ಗೆ ಹಡಗು. ಖಾಸಗಿ ಹಡಗಾದರೆ ಸುಮಾರು ಒಂದೂವರೆ ಗಂಟೆ, ಸರ್ಕಾರಿ ಹಡಗಾದರೆ ಇನ್ನೂ ನಿಧಾನ. ನಿಮ್ಮ ಮಳೆಗಾಲದ ಪ್ರವಾಸದ ಭವಿಷ್ಯ ನಿರ್ಧಾರ ಆಗೋದು ಈ ಹಡಗಿನ ದಾರಿಯಲ್ಲೇ, ಅದಕ್ಕೆ ಆಮೇಲೆ ಬರೋಣ.

ಇನ್ನೊಂದು ಚೂರು ಭೂಗೋಳ. ಮುಂಗಾರು ಕೇರಳಕ್ಕೆ ಬರೋದು ಜೂನ್ 1ರ ಆಸುಪಾಸು, ಅಲ್ವಾ? ಅಂಡಮಾನ್‌ಗೆ ಅದಕ್ಕಿಂತ ಮೊದಲೇ, ಮೇ ಮಧ್ಯದ ನಂತರವೇ ಬಂದಿರುತ್ತೆ. ಸೆಪ್ಟೆಂಬರ್‌ವರೆಗೆ ನೈರುತ್ಯ ಮಳೆ, ಅಕ್ಟೋಬರ್ ದಾಟಿದ ಮೇಲೆ ಈಶಾನ್ಯ ಮಾರುತದ್ದು. ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ. ನಮ್ಮ ಕರಾವಳಿಯವರಿಗೆ ಇದೇನು ಹೊಸದಲ್ಲ, ಮಂಡ್ಯ, ತುಮಕೂರಿನವರಿಗೆ ಮಾತ್ರ ಮೊದಲ ದಿನ ಸ್ವಲ್ಪ ದಿಗಿಲಾಗಬಹುದು.

ನೇತ್ರಾಣಿ ಮುಚ್ಚಿರುತ್ತೆ, ಹ್ಯಾವ್ಲಾಕ್ ಹೇಗೆ ತೆರೆದಿರುತ್ತೆ?

ಒಳ್ಳೇ ಪ್ರಶ್ನೆ. ನಮ್ಮ ಮುರ್ಡೇಶ್ವರದ ಎದುರಿಗಿರೋ ನೇತ್ರಾಣಿ ದ್ವೀಪ ನಿಮಗೆ ಗೊತ್ತಿರುತ್ತೆ. ಪುನೀತ್ ರಾಜ್‌ಕುಮಾರ್ ಅವರ 'ಗಂಧದ ಗುಡಿ' 2022ರಲ್ಲಿ ತೆರೆಗೆ ಬಂದ ಮೇಲಂತೂ ಅಲ್ಲಿ ಡೈವ್ ಮಾಡೋ ಆಸೆ ಎಷ್ಟೋ ಜನರಿಗೆ ಹುಟ್ಟಿತು. ಆದರೆ ಮಳೆಗಾಲದಲ್ಲಿ ಅಲ್ಲಿಗೆ ದೋಣಿ ಹೋಗಲ್ಲ. ನೈರುತ್ಯದ ಗಾಳಿ ಅರಬ್ಬೀ ಸಮುದ್ರವನ್ನೆಲ್ಲ ದಾಟಿ ಬಂದು ನಮ್ಮ ದಡಕ್ಕೆ ನೇರವಾಗಿ ಹೊಡೆಯುತ್ತೆ. ನಡುವೆ ತಡೆಯೋಕೆ ಏನೂ ಇಲ್ಲ.

ಹ್ಯಾವ್ಲಾಕ್‌ಗೆ ಹಾಗಲ್ಲ. ಅದಕ್ಕೆ ಬೆನ್ನು ಬೇರೆ, ಮಡಿಲು ಬೇರೆ. ರಾಧಾನಗರ ಬೀಚ್ ಇರೋದು ಪಶ್ಚಿಮದ ಕಡೆ. 2004ರಲ್ಲಿ 'ಟೈಮ್' ಪತ್ರಿಕೆ ಏಷ್ಯಾದ ಅತ್ಯುತ್ತಮ ಬೀಚ್ ಅಂತ ಹೊಗಳಿದ್ದು ಇದನ್ನೇ. ನೈರುತ್ಯ ಗಾಳಿಯ ಪೂರ್ತಿ ಏಟು ತಿನ್ನೋದೂ ಇದೇ. ಜುಲೈನಲ್ಲಿ ಅಲ್ಲಿನ ಅಲೆ ನೋಡೋಕೆ ಚಂದ, ಇಳಿಯೋಕಲ್ಲ. ಪೂರ್ವದ ಕಡೆಯ ವಿಜಯನಗರ, ಗೋವಿಂದನಗರದ ದಡಗಳು ಮಾತ್ರ ದ್ವೀಪದ ಮರೆಯಲ್ಲಿರುತ್ತವೆ. ನಡುವಿನ ಗುಡ್ಡ, ಕಾಡು ಗಾಳಿಯನ್ನ ತಡೆಯುತ್ತೆ. ಹೆಚ್ಚಿನ ಡೈವಿಂಗ್ ಕೇಂದ್ರಗಳಿರೋದೂ ಈ ಕಡೆಯೇ. ಹಾಗಾಗಿ ರಾಧಾನಗರದಲ್ಲಿ ಕೆಂಪು ಬಾವುಟ ಹಾರುತ್ತಿರುವಾಗಲೇ ಆ ಕಡೆ ನೀರು ಕೆರೆಯ ಹಾಗೆ ಮಲಗಿರೋದೂ ಉಂಟು. ಅಕ್ಟೋಬರ್ ದಾಟಿ ಗಾಳಿ ಈಶಾನ್ಯಕ್ಕೆ ತಿರುಗಿತೋ, ಲೆಕ್ಕ ತಲೆಕೆಳಗು! ಆಗ ಏಟು ತಿನ್ನೋದು ಪೂರ್ವದ ದಡ.

ಆದ್ದರಿಂದ ಡೈವಿಂಗ್‌ಗೆ ಮಳೆ ಅಷ್ಟು ದೊಡ್ಡ ಶತ್ರುವಲ್ಲ. ಹೇಗಿದ್ದರೂ ಒದ್ದೆಯಾಗೋಕೇ ಹೊರಟಿದೀರಿ! ನೋಡಬೇಕಾದ್ದು ಗಾಳಿ. 'ನಾಳೆ ಮಳೆ ಬರುತ್ತಾ?' ಅಂತ ಕೇಳಬೇಡಿ, 'ನಾಳೆ ಗಾಳಿ ಎಷ್ಟು, ಯಾವ ಕಡೆಯದ್ದು?' ಅಂತ ಕೇಳಿ. ಹವಾಮಾನ ಇಲಾಖೆ ಮೀನುಗಾರರಿಗೆ ಕೊಡೋ ಎಚ್ಚರಿಕೆಯೇ ನಿಮಗೂ ಪಂಚಾಂಗ. ಗಂಟೆಗೆ 40–50 ಕಿ.ಮೀ. ಗಾಳಿ, ಕಡಲಿಗಿಳಿಯಬೇಡಿ ಅಂತ ಅದರಲ್ಲಿದ್ದರೆ, ಬಂದರಿನಲ್ಲಿ 3ನೇ ನಂಬರಿನ ಸ್ಥಳೀಯ ಎಚ್ಚರಿಕೆ ಸಂಕೇತ ಏರಿಸಿದ್ದಾರೆ ಅಂತ ಕೇಳಿದರೆ, ಅವತ್ತು ಡೈವಿಂಗ್ ಮಾತೇ ಎತ್ತಬೇಡಿ. ಬಿಸಿಲಿದ್ದರೂ ಅಷ್ಟೇ.

ನೀರೊಳಗೆ ಎಷ್ಟು ದೂರ ಕಾಣುತ್ತೆ ಅನ್ನೋದೂ ಈಗ ಬೇರೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗಿನ ಒಳ್ಳೇ ದಿನಗಳಲ್ಲಿ 20–30 ಮೀಟರ್ ದೂರ ಕಾಣೋ ನೀರು, ಮಳೆಗಾಲದಲ್ಲಿ ಐದರಿಂದ ಹದಿನೈದು ಮೀಟರ್‌ಗೆ ಇಳಿಯಬಹುದು. ತೊರೆಗಳಿಂದ ಕೆಂಪು ನೀರು ಬಂದು ಸೇರಿದ ದಿನವಂತೂ ಎದುರಿಗೆ ಹಿಡಿದ ಕೈಯಾಚೆ ಮಸುಕು. ಜಾಹೀರಾತಿನ ಆ ಗಾಜಿನಂಥ ನೀಲಿ ನೀರಿನ ಫೋಟೋ ಜುಲೈನದ್ದಲ್ಲ ಅನ್ನೋದು ತಲೆಯಲ್ಲಿರಲಿ.

ಎರಡು ದಿನ ಸಡಿಲ ಇರಲಿ

ಮಳೆಗಾಲದ ಪ್ರವಾಸಕ್ಕೆ ಬೇಕಾದ ಮೊದಲ ವಸ್ತು ಛತ್ರಿ ಅಲ್ಲ, ಖಾಲಿ ದಿನ. ಹಡಗು ಹೊರಡೋದು ಬಂದರಿನವರು ಸರಿ ಅಂದರೆ ಮಾತ್ರ. ಬೆಳಿಗ್ಗೆ ಆರಕ್ಕೆ ಬ್ಯಾಗ್ ಹಿಡಿದು ನಿಂತಾಗ 'ಇವತ್ತು ಇಲ್ಲ' ಅಂದರೆ ಯಾರ ಮೇಲೂ ಕೂಗಾಡಿ ಪ್ರಯೋಜನ ಇಲ್ಲ.

2016ರ ಡಿಸೆಂಬರ್ ನೆನಪಿದೆಯಾ? ವಾರ್ದಾ ಚಂಡಮಾರುತಕ್ಕೆ ಮುಂಚಿನ ಗಾಳಿ ಮಳೆಗೆ ಹ್ಯಾವ್ಲಾಕ್, ನೀಲ್ ದ್ವೀಪಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ದಿನಗಟ್ಟಲೆ ಸಿಕ್ಕಿಕೊಂಡರು. ನೌಕಾಪಡೆಯ ಹಡಗುಗಳು ಹೋಗಿ ಕರೆತರಬೇಕಾಯಿತು. ಅದೂ ಪ್ರವಾಸಿ ಸೀಸನ್ನಿನಲ್ಲಿ! ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಹೆಚ್ಚಾಗಿ ಏಳೋದು ಮುಂಗಾರಿಗೆ ಮುಂಚೆ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ದಸರಾ ರಜೆಗೆ ಮಕ್ಕಳನ್ನ ಕರ್ಕೊಂಡು ಹೊರಡೋರು ಇದನ್ನ ಗಮನಿಸಿ. ಜುಲೈಗಿಂತ ಅಕ್ಟೋಬರ್ ಸುರಕ್ಷಿತ ಅಂತ ಅಂದುಕೊಳ್ಳಬೇಡಿ.

ಹಾಗಾದರೆ ಹೇಗೆ ಜೋಡಿಸ್ಕೋಬೇಕು? ಹ್ಯಾವ್ಲಾಕ್‌ನಲ್ಲಿ ಮೂರು ದಿನ ಬೇಕು ಅನ್ನಿಸಿದರೆ ಐದು ದಿನ ಇಟ್ಟುಕೊಳ್ಳಿ. ತಲುಪಿದ ಮರುದಿನವೇ ಡೈವ್ ಇರಲಿ, 'ಕೊನೇ ದಿನ ಮಾಡಿದರಾಯಿತು' ಬೇಡ. ಗಾಳಿ ಕೆಟ್ಟರೆ ಮುಂದಕ್ಕೆ ತಳ್ಳೋಕೆ ದಿನ ಉಳಿದಿರುತ್ತೆ. ವಾಪಸ್ ವಿಮಾನದ ಹಿಂದಿನ ದಿನ ಹ್ಯಾವ್ಲಾಕ್‌ನಲ್ಲಿ ಇರಲೇಬೇಡಿ, ಪೋರ್ಟ್ ಬ್ಲೇರ್‌ಗೆ ಬಂದುಬಿಡಿ. ಸೋಮವಾರ ಆಫೀಸಿಗೆ ಹೋಗಲೇಬೇಕು, ಮಗಳ ಪರೀಕ್ಷೆ ಇದೆ, ಒಂದು ದಿನವೂ ಹೆಚ್ಚುಕಮ್ಮಿ ಆಗೋ ಹಾಗಿಲ್ಲ ಅನ್ನೋರಿಗೆ ನನ್ನ ಸಲಹೆ ನೇರ: ಮಳೆಗಾಲದಲ್ಲಿ ಹೋಗಬೇಡಿ. ಬಾಡಿಗೆಯಲ್ಲಿ ಉಳಿಸಿದ ದುಡ್ಡು ಹೊಸ ವಿಮಾನ ಟಿಕೆಟ್ಟಿಗೇ ಸಾಲಲ್ಲ.

ಬುಕ್ ಮಾಡುವಾಗ ಡೈವಿಂಗ್ ಕೇಂದ್ರಕ್ಕೆ, ಹೋಟೆಲ್‌ಗೆ ಒಂದೇ ಪ್ರಶ್ನೆ ಕೇಳಿ: 'ಹವಾಮಾನದಿಂದ ರದ್ದಾದರೆ ದುಡ್ಡು ವಾಪಸ್ ಬರುತ್ತಾ, ಇನ್ನೊಂದು ದಿನ ಕೊಡ್ತೀರಾ?' ಉತ್ತರ ಬರಹದಲ್ಲಿರಲಿ, ಮೆಸೇಜ್ ಆದರೂ ಸಾಕು. ಕೆಲವು ಕೇಂದ್ರಗಳು ಮಳೆಗಾಲದಲ್ಲಿ ಒಂದಷ್ಟು ದಿನ ಬಾಗಿಲು ಮುಚ್ಚಿ ರಿಪೇರಿ ಕೆಲಸ ಮಾಡಿಸ್ತಾರೆ, ಅದನ್ನೂ ಕೇಳ್ಕೊಳ್ಳಿ. ಪ್ರವಾಸದ ವಿಮೆ ಇದ್ದರೆ ಅದರಲ್ಲಿ ಸಾಹಸ ಕ್ರೀಡೆ ಸೇರಿದೆಯಾ ಅಂತ ಓದಿ. ಎಷ್ಟೋ ವಿಮೆಗಳಲ್ಲಿ ಅದನ್ನ ಹೊರಗಿಟ್ಟಿರ್ತಾರೆ, ಸಣ್ಣ ಅಕ್ಷರದಲ್ಲಿ.

ಕೈಯಲ್ಲಿ ಸ್ವಲ್ಪ ನಗದು ಇರಲಿ. 2020ರ ಆಗಸ್ಟ್‌ನಲ್ಲಿ ಚೆನ್ನೈಯಿಂದ ಸಮುದ್ರದಡಿಯ ಕೇಬಲ್ ಬಂದ ಮೇಲೆ ಇಂಟರ್‌ನೆಟ್ ಎಷ್ಟೋ ಸುಧಾರಿಸಿದೆ, ನಿಜ. ಆದರೆ ಮಳೆ ಗಾಳಿಗೆ ಕರೆಂಟು ಹೋದರೆ ಎಟಿಎಂ, ಫೋನ್ ಪೇ ಎರಡೂ ಮಲಗುತ್ತವೆ.

ಡಾಕ್ಟರ ಹತ್ತಿರ ಹೋಗೋದು ಇಲ್ಲೇ, ಅಲ್ಲಲ್ಲ

ಡೈವಿಂಗ್‌ಗೆ ಮುಂಚೆ ಒಂದು ಆರೋಗ್ಯದ ಫಾರಂ ಕೊಡ್ತಾರೆ. ಅಸ್ತಮಾ ಇದೆಯಾ, ಫಿಟ್ಸ್ ಬಂದಿತ್ತಾ, ಹೃದಯದ ತೊಂದರೆ, ಬಿಪಿ, ಸಕ್ಕರೆ ಕಾಯಿಲೆ, ಇತ್ತೀಚೆಗೆ ಆಪರೇಷನ್, ಗರ್ಭಿಣಿಯಾ... ಉದ್ದದ ಪಟ್ಟಿ. 45 ದಾಟಿದವರಿಗೆ ಇನ್ನಷ್ಟು ಪ್ರಶ್ನೆ. ಕೆಲವು ಪ್ರಶ್ನೆಗಳಿಗೆ 'ಹೌದು' ಅಂದರೆ ಡಾಕ್ಟರ ಒಪ್ಪಿಗೆ ಪತ್ರ ಬೇಕು.

ಆಮೇಲೆ ಏನಾಗುತ್ತೆ ಗೊತ್ತಾ? ದುಡ್ಡು ಕಟ್ಟಿಯಾಗಿದೆ, ದೋಣಿ ಕಾಯ್ತಿದೆ, ಮನೆಯವರೆಲ್ಲ ಸೂಟ್ ಹಾಕ್ಕೊಂಡು ನಿಂತಿದ್ದಾರೆ. 'ಎಲ್ಲದಕ್ಕೂ ಇಲ್ಲ ಅಂತ ಬರೆದುಬಿಡು, ಏನಾಗಲ್ಲ' ಅಂತ ಯಾರೋ ಹೇಳ್ತಾರೆ. ಬರೆದೂ ಬಿಡ್ತೀವಿ. ಅಡುಗೆಮನೆಯ ಕಪಾಟಿನಲ್ಲಿ ಇನ್‌ಹೇಲರ್ ಇಟ್ಟುಕೊಂಡಿರೋ ಹೆಂಗಸು 'ಅಸ್ತಮಾ ಇಲ್ಲ' ಅಂತ ಸಹಿ ಮಾಡೋದು ಹೀಗೇ. ಫಾರಂಗೆ ಸುಳ್ಳು ಹೇಳಬಹುದು, ಹತ್ತು ಮೀಟರ್ ಕೆಳಗಿನ ನೀರಿಗೆ ಹೇಳೋಕಾಗಲ್ಲ. ಅಲ್ಲಿ ನಿಮ್ಮ ಮೇಲಿನ ಒತ್ತಡ ನೆಲದ ಮೇಲಿನದಕ್ಕಿಂತ ಎರಡು ಪಟ್ಟು. ಮೇಲೆ ಬರುವಾಗ ಶ್ವಾಸಕೋಶದೊಳಗಿನ ಗಾಳಿ ಹಿಗ್ಗುತ್ತೆ. ಉಬ್ಬಸದಿಂದ ಅದು ಎಲ್ಲಾದರೂ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ.

ಅದಕ್ಕೇ ಡೈವಿಂಗ್ ಕೇಂದ್ರದಿಂದ ಆ ಫಾರಂ ಮೊದಲೇ ತರಿಸಿಕೊಂಡು ನಿಮ್ಮ ಮನೆಯ ಡಾಕ್ಟರ ಹತ್ತಿರ ಹೋಗಿ. ಅವರು ಬೇಡ ಅಂದರೆ ಇಲ್ಲೇ ಗೊತ್ತಾಗುತ್ತೆ, ದುಡ್ಡೂ ಉಳಿಯುತ್ತೆ. ದ್ವೀಪದಲ್ಲಿ ಸಣ್ಣ ಸರ್ಕಾರಿ ಆಸ್ಪತ್ರೆ ಇದೆ, ಹೆಚ್ಚಿನದೇನೇ ಬೇಕಾದರೂ ಪೋರ್ಟ್ ಬ್ಲೇರ್ ತಲುಪಬೇಕು. ಮಳೆಗಾಲದಲ್ಲಿ ಆ ದಾರಿಯ ಬಾಗಿಲು ಯಾವಾಗ ಮುಚ್ಚುತ್ತೆ ಅಂತ ಹೇಳೋಕಾಗಲ್ಲ. ಏಪ್ರಿಲಿನಲ್ಲಿ ಸಣ್ಣದಾಗಿ ಮುಗಿಯೋ ತೊಂದರೆ ಜುಲೈನಲ್ಲಿ ದೊಡ್ಡದಾಗೋದು ಇಲ್ಲಿಯೇ.

ಗರ್ಭಿಣಿಯರಿಗೆ ಡೈವಿಂಗ್ ಬೇಡವೇ ಬೇಡ. ಮಗುವಿಗಾಗಿ ಪ್ರಯತ್ನ ಮಾಡುತ್ತಿದ್ದು ಮುಟ್ಟು ಎರಡು ದಿನ ಮುಂದೆ ಹೋಗಿದ್ದರೂ ಮೊದಲು ಪರೀಕ್ಷೆ ಮಾಡ್ಕೊಳ್ಳಿ, ಆಮೇಲೆ ಬೇರೆ ಮಾತು. ಮಧುಚಂದ್ರಕ್ಕೆ ಹೋದವರು, ಮದುವೆಯಾಗಿ ಎರಡು ಮೂರು ತಿಂಗಳಾದವರು ಇದನ್ನ ಮರೀತಾರೆ. ಹೆರಿಗೆಯಾಗಿ ಸ್ವಲ್ಪ ದಿನವಾಗಿದ್ದರೆ, ಅದರಲ್ಲೂ ಸಿಸೇರಿಯನ್ ಆಗಿದ್ದರೆ, ನಿಮ್ಮ ಹೆರಿಗೆ ಡಾಕ್ಟರ ಮಾತೇ ಕೊನೆಯದು.

ಮುಟ್ಟಿನ ದಿನ? ಅದೇನೂ ಅಡ್ಡಿಯಲ್ಲ. ಕಪ್ ಅಥವಾ ಟ್ಯಾಂಪೂನ್ ಬಳಸೋ ಅಭ್ಯಾಸ ಇದ್ದರೆ ಆರಾಮವಾಗಿ ಇಳಿಯಬಹುದು. ಮೊದಲ ಸಲ ಬಳಸೋದನ್ನ ದೋಣಿ ಹೊರಡೋ ಬೆಳಿಗ್ಗೆ ಕಲಿಯೋಕೆ ಹೋಗಬೇಡಿ, ಅಷ್ಟೇ. ಶಾರ್ಕ್ ವಾಸನೆ ಹಿಡಿದು ಬರುತ್ತೆ ಅನ್ನೋದೆಲ್ಲ ಸಿನಿಮಾ ಕಥೆ. ಹೊಟ್ಟೆನೋವು, ಸುಸ್ತು ಜಾಸ್ತಿ ಇದ್ದರೆ ಮಾತ್ರ ಆ ದಿನ ಬಿಡಿ.

ಮಳೆಗಾಲದ ನಿಜವಾದ ವೈರಿ ನೆಗಡಿ. ಕಿವಿ, ಮೂಗು ಕಟ್ಟಿದ್ದರೆ ಒತ್ತಡ ಸಮ ಮಾಡೋಕಾಗಲ್ಲ, ಕಿವಿಯ ಪರದೆಗೇ ಪೆಟ್ಟಾಗಬಹುದು. ಮಾತ್ರೆ ನುಂಗಿ ಇಳಿದರಾಯ್ತು ಅಂತ ಕೆಲವರು ಹೇಳ್ತಾರೆ. ನೀರೊಳಗಿರುವಾಗಲೇ ಮಾತ್ರೆಯ ಪ್ರಭಾವ ಇಳಿದರೆ? ಮೇಲೆ ಬರೋದೇ ನರಕ. ನೆಗಡಿ ಇದ್ದರೆ ಡೈವ್ ಇಲ್ಲ, ಅದರಲ್ಲಿ ರಾಜಿ ಬೇಡ.

ಈಜೂ ಬರಲ್ಲ, ಏನು ಹಾಕ್ಕೊಳ್ಳೋದೋ ಅದೂ ಗೊತ್ತಿಲ್ಲ!

ಮೊದಲ ಸಲದವರಿಗೆ ಮಾಡಿಸೋದು ಒಂದು ಪರಿಚಯದ ಡೈವ್. ಅದಕ್ಕೆ ಈಜು ಬರಬೇಕಂತಿಲ್ಲ. ವಯಸ್ಸು ಹತ್ತು ದಾಟಿರಬೇಕು, ಆಳ 12 ಮೀಟರ್ ಮೀರಲ್ಲ. ಮೊದಲು ಎದೆಮಟ್ಟದ ನೀರಿನಲ್ಲಿ ಉಸಿರಾಟ, ಮಾಸ್ಕಿಗೆ ನುಗ್ಗಿದ ನೀರು ಹೊರಹಾಕೋದು, ಕೈ ಸನ್ನೆ ಕಲಿಸ್ತಾರೆ. ಲೈಸೆನ್ಸ್ ಕೊಡೋ ಮೂರು ನಾಲ್ಕು ದಿನದ ಕೋರ್ಸ್ ಬೇರೆ, ಅದಕ್ಕೆ 200 ಮೀಟರ್ ಈಜೋಕೆ, ಹತ್ತು ನಿಮಿಷ ತೇಲೋಕೆ ಬರಬೇಕು. ಮಳೆಗಾಲದಲ್ಲಿ ಆ ಕೋರ್ಸಿಗೆ ಕೈಹಾಕೋರು ವಾರವಿಡೀ ಕೈಯಲ್ಲಿಟ್ಟುಕೊಂಡು ಹೋಗಿ.

ಬಟ್ಟೆಯ ಚಿಂತೆಯಲ್ಲೇ ಎಷ್ಟೋ ಜನ ಹಿಂದೆ ಸರೀತಾರೆ. ವೆಟ್‌ಸೂಟ್ ಅನ್ನೋದು ಮೈಗೆ ಅಂಟಿಕೊಳ್ಳೋ ರಬ್ಬರಿನಂಥ ಉಡುಪು. ಒಳಗೆ ಲೆಗಿಂಗ್ಸ್, ಮೈಗೆ ಹತ್ತೋ ಟೀ ಶರ್ಟ್ ಇದ್ದರೆ ಸಾಕು, ಈಜುಡುಗೆಯೇ ಬೇಕಂತಿಲ್ಲ. ಉದ್ದ ತೋಳು, ಉದ್ದ ಕಾಲಿನದ್ದನ್ನೇ ಕೇಳಿ. ಮಳೆಗಾಲದಲ್ಲೂ ನೀರು 28 ಡಿಗ್ರಿಯ ಆಸುಪಾಸು ಬೆಚ್ಚಗೇ ಇರುತ್ತೆ. ನಡುಕ ಹುಟ್ಟೋದು ಮೇಲೆ ಬಂದು ದೋಣಿಯಲ್ಲಿ ಒದ್ದೆಮೈಗೆ ಗಾಳಿ ಹೊಡೆದಾಗ. ಪ್ಲಾಸ್ಟಿಕ್ ಚೀಲದಲ್ಲಿ ಒಣ ಟವೆಲ್, ಒಂದು ಜರ್ಕಿನ್, ಫ್ಲಾಸ್ಕಿನಲ್ಲಿ ಬಿಸಿ ಚಹಾ ಇದ್ದರೆ ಅದೇ ಸ್ವರ್ಗ.

ಕೂದಲನ್ನ ಬಿಗಿಯಾಗಿ ಹೆಣೆದು ಹಿಂದಕ್ಕೆ ಕಟ್ಟಿ. ಒಂದೆಳೆ ಮಾಸ್ಕಿನೊಳಗೆ ಸಿಕ್ಕರೂ ಅಲ್ಲಿಂದಲೇ ನೀರು ನುಗ್ಗುತ್ತೆ. ಬಳೆ, ಜುಮುಕಿ, ಕಾಲ್ಗೆಜ್ಜೆ ಕೋಣೆಯಲ್ಲೇ ಬಿಟ್ಟುಬಿಡಿ. ಹೊಳೆಯೋ ವಸ್ತು ಕಂಡರೆ ಕೆಲವು ಮೀನುಗಳು ಬಾಯಿ ಹಾಕೋಕೆ ಬರ್ತವೆ. ತಾಳಿ ತೆಗೆಯೋಕೆ ಮನಸ್ಸಿಲ್ಲವಾ? ಸೂಟಿನ ಒಳಗೆ ಸೇರಿಸಿ ಜಿಪ್ ಹಾಕ್ಕೊಳ್ಳಿ, ಯಾರೂ ಬೇಡ ಅನ್ನಲ್ಲ. ಕನ್ನಡಕ ಮಾಸ್ಕಿನೊಳಗೆ ಹಿಡಿಯಲ್ಲ. ಮೃದುವಾದ ಕಾಂಟ್ಯಾಕ್ಟ್ ಲೆನ್ಸ್ ಹಾಕಬಹುದು, ಪವರ್ ಇರೋ ಮಾಸ್ಕ್ ಕೆಲವು ಕಡೆ ಸಿಗುತ್ತೆ, ಮೊದಲೇ ವಿಚಾರಿಸಿ.

ಹೇಳೋಕೆ ಸಂಕೋಚ ಪಡೋ ಇನ್ನೊಂದು ವಿಷಯ ಇದೆ. ಪರಿಚಯದ ಡೈವ್‌ನಲ್ಲಿ ಇನ್‌ಸ್ಟ್ರಕ್ಟರ್ ನಿಮ್ಮನ್ನ ಹಿಡಿದೇ ಇರ್ತಾರೆ. ಸಾಮಾನ್ಯವಾಗಿ ಬೆನ್ನಿನ ಸಿಲಿಂಡರ್ ಹಿಡಿದಿರ್ತಾರೆ, ಅದು ನಿಮ್ಮ ಸುರಕ್ಷತೆಗೇ. ಆದರೂ 'ಎಲ್ಲಿ ಹಿಡೀತೀರಿ, ಹೇಗೆ ಕರ್ಕೊಂಡು ಹೋಗ್ತೀರಿ?' ಅಂತ ದಡದಲ್ಲೇ ಕೇಳಿ. ಮಹಿಳಾ ಇನ್‌ಸ್ಟ್ರಕ್ಟರ್ ಬೇಕು ಅಂತ ಮೊದಲೇ ಹೇಳಿ, ಇರುವ ಕಡೆ ಕೊಡ್ತಾರೆ. ಒಬ್ಬರಿಗೆ ಒಬ್ಬರೇ ಇನ್‌ಸ್ಟ್ರಕ್ಟರ್ ಅಂತಲೂ ಖಚಿತ ಮಾಡ್ಕೊಳ್ಳಿ. ನೀರು ಮಸುಕಾಗಿರೋ ದಿನಗಳಲ್ಲಿ ಇದು ತುಂಬಾ ಮುಖ್ಯ.

ನೀರೊಳಗೆ ಮೂರೇ ಪಾಠ

ಕಿವಿ ನೋಯೋದಕ್ಕೆ ಮುಂಚೆಯೇ ಮೂಗು ಹಿಡಿದು ಮೆಲ್ಲಗೆ ಗಾಳಿ ಒತ್ತಿ. ಒಂದೆರಡು ಮೀಟರ್‌ಗೇ ಕಿವಿ ಬಿಗಿಯೋಕೆ ಶುರುವಾಗುತ್ತೆ, ಘಾಟಿ ಹತ್ತುವಾಗ ಬಸ್ಸಿನಲ್ಲಿ ಆಗುತ್ತಲ್ಲ, ಹಾಗೇ. ನೋವಾದರೆ ನಿಲ್ಲಿ, ಸ್ವಲ್ಪ ಮೇಲೆ ಬನ್ನಿ, ಮತ್ತೆ ಪ್ರಯತ್ನಿಸಿ. ಸಹಿಸಿಕೊಂಡು ಇಳಿಯೋದು ಜಾಣತನವಲ್ಲ. ನಾವು ಹೆಂಗಸರಿಗೆ ಸಹಿಸಿಕೊಳ್ಳೋ ಅಭ್ಯಾಸ ಬೇರೆ ಜಾಸ್ತಿ!

ಉಸಿರು ಯಾವತ್ತೂ ಹಿಡಿಯಬೇಡಿ. ಭಯವಾದರೆ ಮೊದಲು ಆಗೋದೇ ಉಸಿರು ಕಟ್ಟೋದು. ಬಾಯಿಂದ ಎಳೆದುಕೊಂಡು ಉದ್ದಕ್ಕೆ ಬಿಡ್ತಾ ಇರಿ, ಗುಳ್ಳೆಗಳ ಸದ್ದು ಕೇಳ್ತಾ ಇರಲಿ.

ಇನ್ನು ಸನ್ನೆ. ಹೆಬ್ಬೆರಳು, ತೋರುಬೆರಳು ಸೇರಿಸಿ ಸೊನ್ನೆ ಮಾಡಿದರೆ 'ಸರಿಯಾಗಿದೀನಿ'. ಅಂಗೈಯನ್ನ ಆಚೀಚೆ ಅಲ್ಲಾಡಿಸಿದರೆ 'ಏನೋ ತೊಂದರೆ'. ಹೆಬ್ಬೆರಳು ಮೇಲೆತ್ತಿದರೆ 'ಮೇಲೆ ಕರ್ಕೊಂಡು ಹೋಗಿ'. ನಾವೋ, ಖುಷಿಯಾದರೆ ಹೆಬ್ಬೆರಳು ಎತ್ತೋ ಜನ! ಎಷ್ಟೋ ಜನರ ಡೈವ್ ಹೀಗೇ ಐದು ನಿಮಿಷಕ್ಕೆ ಮುಗಿಯುತ್ತೆ.

'ಇವತ್ತು ಬೇಡ' ಅನ್ನೋದಕ್ಕೆ ಕಾರಣ ಕೊಡಬೇಕಾಗಿಲ್ಲ

ಮನೆಮಂದಿಯ ಜೊತೆ ಹೋದಾಗ ಹೆಂಗಸರಿಗೆ ಎರಡರಲ್ಲಿ ಒಂದಾಗುತ್ತೆ. ಒಂದು, 'ನಿನಗ್ಯಾಕೆ ಅದೆಲ್ಲ, ಮಗು ನೋಡ್ಕೊಂಡು ದಡದಲ್ಲಿರು'. ಹತ್ತು ತುಂಬದ ಮಕ್ಕಳನ್ನ ಇಳಿಸಲ್ಲ, ಯಾರಾದರೂ ಒಬ್ಬರು ಇರಲೇಬೇಕು ನಿಜ. ಆ ಒಬ್ಬರು ಯಾವಾಗಲೂ ಅಮ್ಮನೇ ಯಾಕೆ? ಬೆಳಿಗ್ಗೆ ಒಬ್ಬರು, ಆಮೇಲಿನ ಸರದಿಗೆ ಇನ್ನೊಬ್ಬರು ಅಂತ ಬುಕ್ ಮಾಡುವಾಗಲೇ ಎರಡು ಹೊತ್ತು ಕೇಳಿ. ಮೊದಲ ಸರದಿ ನಿಮ್ಮದಿರಲಿ. ಮಳೆಗಾಲದಲ್ಲಿ ಎರಡನೇ ಸರದಿ ನಡೆಯುತ್ತೆ ಅನ್ನೋ ಖಾತ್ರಿ ಇಲ್ಲ!

ಇನ್ನೊಂದು ಇದರ ತಿರುಗುಮುರುಗು. ನಿಮಗೆ ಒಳಗೊಳಗೇ ಬೇಡ ಅನ್ನಿಸ್ತಿದೆ, ದೋಣಿ ಕುಣೀತಿದೆ, ಹೊಟ್ಟೆ ತೊಳಸ್ತಿದೆ, ನೀರು ಕಪ್ಪಗೆ ಕಾಣ್ತಿದೆ. 'ಅಷ್ಟು ದುಡ್ಡು ಕೊಟ್ಟಿದೀವಿ, ಇಳೀ' ಅಂತಾರೆ ಜೊತೆಗಿರೋರು. ಎಲ್ಲರೂ ಇಳಿದ ಮೇಲೆ ನಾನೊಬ್ಬಳೇ ಅಂಜುಬುರುಕಿ ಅನ್ನಿಸ್ಕೋಬೇಕಾ ಅಂತ ಇಳಿದುಬಿಡ್ತೀವಿ. ದಯವಿಟ್ಟು ಹಾಗೆ ಮಾಡಬೇಡಿ. ಡೈವಿಂಗ್ ಕಲಿತವರಲ್ಲಿ ಒಂದು ಕಟ್ಟುಪಾಡಿದೆ: ಯಾರು ಬೇಕಾದರೂ, ಯಾವಾಗ ಬೇಕಾದರೂ ಬೇಡ ಅನ್ನಬಹುದು, ಯಾಕೆ ಅಂತ ಯಾರೂ ಕೇಳೋ ಹಾಗಿಲ್ಲ. ನಲವತ್ತು ವರ್ಷ ಅನುಭವ ಇರೋರೂ ದೋಣಿ ಹತ್ತಿ ಇಳಿಯದೆ ವಾಪಸ್ ಬರ್ತಾರೆ. ಮೊದಲ ಸಲದ ನಿಮಗೆ ಆ ಹಕ್ಕು ಇನ್ನೂ ಜಾಸ್ತಿ.

ಭಯಕ್ಕೂ ಅಂಜಿಕೆಗೂ ವ್ಯತ್ಯಾಸ ಹೇಗೆ ಗೊತ್ತಾಗುತ್ತೆ ಅಂತೀರಾ? ಎದೆಮಟ್ಟದ ನೀರಿನಲ್ಲಿ ಹತ್ತು ನಿಮಿಷ ಉಸಿರಾಡಿದ ಮೇಲೆ ಅಂಜಿಕೆ ಸಾಮಾನ್ಯವಾಗಿ ಇಳಿಯುತ್ತೆ. ಅಲ್ಲೂ ಇಳಿಯದೆ ಏರ್ತಾ ಇದ್ದರೆ ಆ ದಿನದ ಮಟ್ಟಿಗೆ ಸಾಕು.

ಕೇಂದ್ರದವರನ್ನೂ ಅಳೀರಿ. 'ಗಾಳಿ ಜಾಸ್ತಿ ಇದೆ, ನಾಳೆ ನೋಡೋಣ' ಅನ್ನೋರು ಒಳ್ಳೆಯವರು, ಸಿಟ್ಟಾಗಬೇಡಿ. 'ಏನೂ ಆಗಲ್ಲ ಮೇಡಂ, ಬನ್ನಿ' ಅಂತ ಫಾರಂ ಕೊಡದೆ, ಆಳವಿಲ್ಲದ ನೀರಿನ ಪಾಠ ಮಾಡದೆ ನೇರ ಕರ್ಕೊಂಡು ಹೋಗೋರಿಂದ ದೂರ ಇರಿ, ಎಷ್ಟೇ ಅಗ್ಗವಾದರೂ. ದೋಣಿಯಲ್ಲಿ ಆಕ್ಸಿಜನ್ ಕಿಟ್ ಇದೆಯಾ ಅಂತ ಕೇಳಿ. ಆ ಪ್ರಶ್ನೆಗೆ ನಗೋರ ಜೊತೆ ಹೋಗಬೇಡಿ.

ಇಷ್ಟೆಲ್ಲ ಕಷ್ಟಪಟ್ಟು ಏನು ಕಾಣುತ್ತೆ?

ಸಾಕಷ್ಟು! ದೂರದ ನೋಟ ಇಲ್ಲದಿದ್ದಾಗ ಹತ್ತಿರದ್ದು ಕಾಣೋಕೆ ಶುರುವಾಗುತ್ತೆ. ದಡಕ್ಕೆ ಹತ್ತಿರದ ನೀಮೋ ರೀಫ್‌ನಂಥ ಜಾಗದಲ್ಲಿ ಕಡಲ ಹೂವಿನ ಎಸಳುಗಳ ನಡುವೆ ಕಿತ್ತಳೆ ಬಣ್ಣದ ಕ್ಲೌನ್ ಮೀನು ಇಣುಕಿ ನೋಡುತ್ತೆ. ಆ ಮನೆಯ ಯಜಮಾನಿ ಹೆಣ್ಣೇ ಗೊತ್ತಾ? ಎಲ್ಲ ಮರಿಗಳೂ ಗಂಡಾಗಿ ಹುಟ್ಟುತ್ತವೆ, ಯಜಮಾನಿ ಸತ್ತರೆ ಅವಳ ಗಂಡನೇ ಹೆಣ್ಣಾಗಿ ಮನೆ ವಹಿಸಿಕೊಳ್ಳುತ್ತೆ. ಗಿಳಿ ಮೀನು ಹವಳದ ಬಂಡೆ ಕಚ್ಚೋ ಕರಕರ ಸದ್ದು ನೀರೊಳಗೆ ಚೆನ್ನಾಗಿ ಕೇಳುತ್ತೆ. ನಿಮ್ಮ ಉಗುರಿನ ಕೆಂಪು ಬಣ್ಣ ನೋಡ್ಕೊಳ್ಳಿ, ಹತ್ತು ಮೀಟರ್‌ನಲ್ಲಿ ಅದು ಕಂದುಗಪ್ಪು. ಕೆಂಪು ಬೆಳಕನ್ನ ನೀರು ಮೊದಲು ನುಂಗಿಬಿಡುತ್ತೆ.

ಮಳೆಗಾಲದಲ್ಲಿ ಮಾತ್ರ ಸಿಗೋದು ಒಂದಿದೆ. ಕೆಳಗಿರುವಾಗ ಮಳೆ ಶುರುವಾದರೆ ತಲೆಯೆತ್ತಿ ನೋಡಿ. ಮೇಲಿನ ನೀರಿನ ಚಾವಣಿಯ ತುಂಬ ಸಾವಿರ ಬೆಳ್ಳಿ ಚುಕ್ಕಿ ಕುಣೀತಿರುತ್ತವೆ, ಸಣ್ಣಗೆ ಹುರಿದ ಹಾಗೆ ಸದ್ದು. ಮೇಲೆ ಜಡಿಮಳೆ, ನಿಮ್ಮ ಸುತ್ತ ನಿಶ್ಶಬ್ದ.

ಹವಳ ಮುಟ್ಟಬೇಡಿ, ಕಾಲಿಡಬೇಡಿ. 2010ರಲ್ಲಿ, 2016ರಲ್ಲಿ ನೀರು ಬಿಸಿಯಾಗಿ ಅಂಡಮಾನಿನ ಹವಳಗಳು ಬೆಳ್ಳಗಾಗಿ ನರಳಿವೆ. ದಡದಲ್ಲಿ ಬಿದ್ದ ಹವಳದ ತುಂಡನ್ನೂ ಶೋಕೇಸಿಗೆ ಅಂತ ಆರಿಸಬೇಡಿ. ವನ್ಯಜೀವಿ ಕಾಯ್ದೆಯಡಿ ಅದು ಅಪರಾಧ, ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಉತ್ತರ ಕೊಡೋಕಾಗಲ್ಲ.

ಒದ್ದೆ ದಿನಗಳ ಸಣ್ಣಪುಟ್ಟ ಸಂಗತಿ

ಬಟ್ಟೆ ಒಣಗಲ್ಲ. ಒಳಉಡುಪು ದಿನಕ್ಕೆ ಎರಡರ ಲೆಕ್ಕದಲ್ಲಿ ಒಯ್ಯಿರಿ, ಒದ್ದೆಯದ್ದನ್ನೇ ಹಾಕ್ಕೊಂಡರೆ ತುರಿಕೆ ಗ್ಯಾರಂಟಿ. ಕಿವಿಯನ್ನ ಡೈವ್ ಆದ ಮೇಲೆ ಸಿಹಿನೀರಿನಲ್ಲಿ ತೊಳೆದು ಟವೆಲ್ ತುದಿಯಿಂದ ಒರೆಸಿ, ಕಡ್ಡಿ ಹಾಕಬೇಡಿ. ದೋಣಿಯಲ್ಲಿ ವಾಂತಿ ಬರೋರು ವಾಸನೆ ಬಾರದ ಕಡೆ ಕೂತು ದೂರದ ಅಂಚು ನೋಡ್ತಾ ಇರಿ. ಮಾತ್ರೆ ಬೇಕಾದರೆ ಇಲ್ಲೇ ಡಾಕ್ಟರನ್ನ ಕೇಳಿ, ನಿದ್ದೆ ಬರಿಸೋ ಮಾತ್ರೆ ತಿಂದು ಡೈವ್ ಮಾಡಬಾರದು.

ಕಾಲಿನಲ್ಲಿ ಗಾಯ ಇದ್ದರೆ ಬರಿಗಾಲಲ್ಲಿ ಕೆಸರು ನೀರು ತುಳೀಬೇಡಿ. ನಾವು ಇಲಿಜ್ವರ ಅನ್ನೋ ಲೆಪ್ಟೊಸ್ಪೈರೋಸಿಸ್ ಅಂಡಮಾನ್‌ನಲ್ಲಿ ಹಳೆಯ ಪರಿಚಯ. ವಾಪಸ್ ಬಂದ ಮೇಲೆ ಜ್ವರ, ಮೈಕೈನೋವು ಬಂದರೆ ಎಲ್ಲಿಗೆ ಹೋಗಿದ್ರಿ ಅಂತ ಡಾಕ್ಟರಿಗೆ ಹೇಳಿ. ತೊರೆ ಸಮುದ್ರ ಸೇರೋ ಜಾಗ, ಮ್ಯಾಂಗ್ರೋವ್ ಕಾಡಿನ ಅಂಚು, ಇಲ್ಲೆಲ್ಲ ಮೊಸಳೆಯ ಎಚ್ಚರಿಕೆ ಫಲಕ ಇದ್ದರೆ ತಮಾಷೆ ಅಂದ್ಕೋಬೇಡಿ. 2010ರಲ್ಲಿ ಹ್ಯಾವ್ಲಾಕ್‌ನಲ್ಲೇ ಸ್ನಾರ್ಕೆಲಿಂಗ್ ಮಾಡುತ್ತಿದ್ದ ವಿದೇಶಿ ಪ್ರವಾಸಿಯೊಬ್ಬರು ಮೊಸಳೆಗೆ ಬಲಿಯಾಗಿದ್ದರು.

ಸೂರ್ಯ ಅಲ್ಲಿ ಐದಕ್ಕೇ ಏಳ್ತಾನೆ, ಸಂಜೆ ಆರರ ಒಳಗೆ ಮುಳುಗ್ತಾನೆ. ಹಾಗಾಗಿ ಬೆಳಗಿನ ಮೊದಲ ಡೈವ್ ಹಿಡಿಯಿರಿ, ಮಧ್ಯಾಹ್ನ ಮಳೆಗೆ ಬಿಟ್ಟುಕೊಡಿ.

ಡೈವ್ ಆದ ಮೇಲೆ ತಕ್ಷಣ ವಿಮಾನ ಹತ್ತೋ ಹಾಗಿಲ್ಲ ಅನ್ನೋದು ಗೊತ್ತಿರಲಿ. ಒತ್ತಡದಲ್ಲಿ ಉಸಿರಾಡಿದಾಗ ಮೈಯೊಳಗೆ ಕರಗಿದ ನೈಟ್ರೋಜನ್ ಮೆಲ್ಲಗೆ ಹೊರಹೋಗಬೇಕು. ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಎರಡು ಮೂರು ಆಗಿದ್ದರೆ 18 ಗಂಟೆ ನೆಲದ ಮೇಲಿರಿ. ಹಡಗಿಗೆ ಈ ನಿಯಮ ಇಲ್ಲ. ಪೋರ್ಟ್ ಬ್ಲೇರ್‌ಗೆ ಒಂದು ದಿನ ಮೊದಲೇ ಬನ್ನಿ ಅಂತ ಆಗಲೇ ಹೇಳಿದ್ದು ಇಲ್ಲೂ ಉಪಯೋಗಕ್ಕೆ ಬಂತು. ಆ ದಿನ ಸೆಲ್ಯುಲರ್ ಜೈಲಿಗೆ ಹೋಗಿ, ಕಾರಿಡಾರುಗಳಿಗೆ ಸೂರಿದೆ, ಮಳೆ ಬಂದರೂ ನೋಡಬಹುದು. ಛತ್ರಿ ಮಾತ್ರ ಮರೆಯಬೇಡಿ, ಅಂಗಳ ದೊಡ್ಡದು.